ಅರಕಲಗೂಡಿನಲ್ಲಿ ಸೋತದ್ದು

ಸೋಲುವುದಕ್ಕೂ ಯಾರಾದರೂ ಮನೆಗೆ ಬಂದು ಕರೆಯುತ್ತಾರೆ ಎಂದು ನೀಲಾಂಬಿಕೆ ಎಂದೂ ಅಂದುಕೊಂಡಿರಲಿಲ್ಲ. ಅರಕಲಗೂಡಿನ ಹೊಸ ಷಟಲ್ ಕ್ಲಬ್ಬಿನ ಕಾರ್ಯದರ್ಶಿ ಸಿದ್ದೇಶ, ಹಾಸನದ ಅವಳ ಮನೆಯ ಸೋಫಾ ತುದಿಯಲ್ಲಿ ಕೂತು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ವಿಷಯಕ್ಕೆ ಬರಲು ಅರ್ಧ ಗಂಟೆ ತೆಗೆದುಕೊಂಡ.

ಭಾನುವಾರ ಒಳಾಂಗಣ ಕೋರ್ಟಿನ ಉದ್ಘಾಟನೆ. ದೇಶಕ್ಕೆ ಆಡಿದ ಜೋಡಿ ಬಂದು ಅಧ್ಯಕ್ಷರ ಎದುರು ಒಂದು ಗೇಮ್ ಆಡಬೇಕು.

"ನಮ್ಮ ಅಧ್ಯಕ್ಷರು ಧರ್ಮೇಂದ್ರ ಅಂತ, ರೈಸ್ ಮಿಲ್ಲಿನವರು. ಕಟ್ಟಡ ಎದ್ದಿದ್ದೇ ಅವರಿಂದ. ಅವತ್ತು ಬೀಗರೂ ಬಂದಿರ್ತಾರೆ. ಅವರು ಗೆದ್ರೆ ಚೆನ್ನಾಗಿರ್ತದೆ ಮೇಡಂ."

"ಅಂದ್ರೆ ನಾವು ಸೋಲ್ಬೇಕು."

"ಛೆ ಛೆ, ಸೋಲಿ ಅಂತ ಹೇಳೋಕಾಯ್ತದಾ? ನೀವು ಗೆಲ್ಬಾರ್ದು, ಅಷ್ಟೇ."

ನೋಡಿ ಹೇಳ್ತೀನಿ ಎಂದು ಅವನನ್ನು ಕಳಿಸಿ, ನೀಲಾಂಬಿಕೆ ಆಶಾರಾಣಿಗೆ ಫೋನ್ ಮಾಡಿದಳು. ನೀಲಾಂಬಿಕೆ ಹೊಳೆನರಸೀಪುರದ ಬಟ್ಟೆ ಅಂಗಡಿಯವರ ಮಗಳು, ಆಶಾರಾಣಿ ಹಿರೀಸಾವೆಯ ರಾಗಿ ಬೆಳೆಯುವವರ ಮಗಳು. ಹದಿಮೂರನೇ ವಯಸ್ಸಿಗೆ ಹಾಸನದ ಕ್ರೀಡಾ ಹಾಸ್ಟೆಲ್ಲಿನಲ್ಲಿ ಸಿಕ್ಕಿದವರು. ಇಬ್ಬರಿಗೂ ಬಾಯಿ ಜಾಸ್ತಿ. ಕೋಚ್ ಬೇಸತ್ತು, ಒಂದೇ ಕಡೆ ನಿಂತುಕೊಂಡು ಸಾಯಿರಿ ಎಂದು ಡಬಲ್ಸಿಗೆ ತಳ್ಳಿದ್ದರು. ಆ ಶಿಕ್ಷೆ ಹದಿನೈದು ವರ್ಷ ನಡೆಯಿತು, ಇಪ್ಪತ್ತೆರಡು ದೇಶ ಸುತ್ತಿಸಿತು. ಚಿನ್ನ ಒಂದೋ ಎರಡೋ, ಕಂಚು ಮಾತ್ರ ಬೇಕಾದಷ್ಟು. ಸ್ಮ್ಯಾಶ್ ಇಬ್ಬರದೂ ಅಷ್ಟಕ್ಕಷ್ಟೇ. ಆದರೆ ಹೊಡೆದದ್ದನ್ನೆಲ್ಲ ವಾಪಸ್ ಕಳಿಸಿ ಎದುರಿನವರಿಗೆ ಅಳು ಬರಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ.

ಇನ್ನೊಂದು ಆಯುಧವಿತ್ತು, ಕನ್ನಡ. "ಎಡಗಡೆಯವ್ಳಿಗೆ ಮಂಡಿ ನೋಯ್ತಾ ಅದೆ ಕಣೇ, ಅಲ್ಲೇ ಆಕು" ಎಂದು ಆಶಾರಾಣಿ ಕೋಪನ್‌ಹೇಗನ್ನಿನಲ್ಲಿ ಗಂಟಲು ಹರಿಯುವಂತೆ ಕೂಗಿದರೆ ಯಾರಿಗೆ ತಿಳಿಯಬೇಕು? ಅಂಪೈರ್ ಕರೆದು, ಅದೇನು ಸದಾ ಮಾತು ಎಂದು ಗದರಿದಾಗ ಅವಳು ಕಣ್ಣು ಮುಚ್ಚಿ ಕೈಮುಗಿದು, ಪ್ರಾರ್ಥನೆ ಎಂದಿದ್ದಳು. ಮುಂದೆ ಭುಜ ಕೈಕೊಟ್ಟು ನೀಲಾಂಬಿಕೆ ಆಟ ಬಿಟ್ಟಳು. ಮಾರನೇ ದಿನವೇ ಆಶಾರಾಣಿಯೂ ಬಿಟ್ಟಳು. ಬೇರೆಯವಳ ಪಕ್ಕ ನಿಂತರೆ ಮಾತೇ ಬರುವುದಿಲ್ಲ ಎಂಬುದು ಅವಳು ಕೊಟ್ಟ ಕಾರಣ. ಈಗ ಇವಳು ಹಾಸನದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ, ಅವಳು ಚನ್ನರಾಯಪಟ್ಟಣದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ.

"ಒಪ್ಕೊಳೇ," ಎಂದಳು ಆಶಾರಾಣಿ ಫೋನಿನಲ್ಲಿ. "ಗೆಲ್ಬ್ಯಾಡಿ ಅಂದವ್ರೆ ತಾನೆ? ಬ್ಯಾಗ ಸೋಲಿ ಅಂತ ಅಂದಿಲ್ವಲ್ಲ."

ಭಾನುವಾರ ಹೋದರೆ ಕೋರ್ಟು ಚೆನ್ನಾಗಿಯೇ ಇತ್ತು. ಬಾಗಿಲ ಪಕ್ಕದ ಬೋರ್ಡು ಮಾತ್ರ ನೀಲಾಂಬಿಕೆಯ ಕಣ್ಣು ಚುಚ್ಚಿತು. ಪುರುಷರು: ಬೆಳಿಗ್ಗೆ ಐದರಿಂದ ಹತ್ತು, ಸಂಜೆ ನಾಲ್ಕರಿಂದ ಹತ್ತು. ಮಹಿಳೆಯರು: ಮಧ್ಯಾಹ್ನ ಎರಡರಿಂದ ಮೂರು. ತಗಡಿನ ಸೂರಿನ ಕೆಳಗೆ ಮಧ್ಯಾಹ್ನ ಎರಡಕ್ಕೆ ಹಪ್ಪಳ ಒಣಗಿಸಬಹುದಿತ್ತು. ಅವಳು ಆಶಾರಾಣಿಯ ಮುಖ ನೋಡಿದಳು. ಅವಳೂ ಅದನ್ನೇ ಓದುತ್ತಿದ್ದಳು.

ಆಟ ಶುರುವಾಯಿತು. ಆ ಕಡೆ ಧರ್ಮೇಂದ್ರ, ಸಿದ್ದೇಶ. ಅಂಪೈರ್ ಕುರ್ಚಿಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರು ಚಂದ್ರಶೇಖರಯ್ಯ. ತೊಡಕೊಂದೇ: ಇಲ್ಲಿ ಎಲ್ಲರಿಗೂ ಕನ್ನಡ ಬರುತ್ತಿತ್ತು. ಅದಕ್ಕೆ ಇಬ್ಬರೂ ಮಲೇಷ್ಯಾದ ಹುಡುಗಿಯರಿಂದ ಕಲಿತಿದ್ದ ಎರಡು ಪದ ಹೊರತೆಗೆದರು. ತಗೋ ಎನ್ನುವುದಕ್ಕೆ ಅಂಬಿಲ್, ಕೊಡು ಎನ್ನುವುದಕ್ಕೆ ಕಾಸಿ. "ಅಂಬಿಲ್!" ಎಂದರೆ ಒಂದು ಪಾಯಿಂಟ್ ತೆಗೆದುಕೊಳ್ಳುವುದು, "ಕಾಸಿ!" ಎಂದರೆ ಬೆರಳಗಲ ಹೊರಗೆ ಹೊಡೆದು ಒಂದು ಕೊಡುವುದು. ಮೂರು ಮೂರು, ಏಳು ಏಳು, ಹನ್ನೆರಡು ಹನ್ನೆರಡು.

"ಅದೇನು ಮೇಡಂ, ಒಂದೇ ಸಮ ಅಂಬ್ಲಿ ಕಾಯಿಸ್ತಾ ಇದೀರಾ?" ಎಂದ ಸಿದ್ದೇಶ, ಬೆವರು ಒರೆಸುತ್ತ.

"ರಾಗಿ ಮನೇವ್ಳು ನೋಡಿ, ಅದೇ ಗ್ಯಾನ," ಎಂದಳು ಆಶಾರಾಣಿ.

ಪ್ರತಿ ಪಾಯಿಂಟಿಗೂ ನಲವತ್ತು ಐವತ್ತು ಹೊಡೆತ. ಧರ್ಮೇಂದ್ರರನ್ನು ಮೂಲೆಯಿಂದ ಮೂಲೆಗೆ, ನೆಟ್ಟಿನಿಂದ ಹಿಂದಿನ ಗೆರೆಗೆ, ಮರ್ಯಾದೆಯಿಂದಲೇ ನಡೆಸಿದರು. ಹದಿನೈದರ ಹೊತ್ತಿಗೆ ಚಂದ್ರಶೇಖರಯ್ಯನವರಿಗೆ ಗುಟ್ಟು ತಿಳಿಯಿತು. ಕೆಮ್ಮು ಬಂದವರಂತೆ ಟವಲ್ಲಿನಲ್ಲಿ ಬಾಯಿ ಮುಚ್ಚಿಕೊಂಡೇ ಅಂಕ ಕೂಗಿದರು. ಇಪ್ಪತ್ತೊಂದಕ್ಕೆ ಮುಗಿಯಬೇಕಾದ ಗೇಮು ಎರಡು ಪಾಯಿಂಟಿನ ಅಂತರವಿಲ್ಲದೆ ಬೆಳೆಯುತ್ತ ಹೋಯಿತು. ಇಪ್ಪತ್ತೊಂಬತ್ತು ಇಪ್ಪತ್ತೊಂಬತ್ತು. ಇನ್ನೊಂದೇ. ಗೆದ್ದವರದೇ ಗೇಮು.

ಧರ್ಮೇಂದ್ರ ನೆಟ್ಟಿನ ಕಂಬ ಹಿಡಿದುಕೊಂಡು ನಿಂತರು. ಜೆರ್ಸಿ ಹಿಂಡಿದರೆ ಬಿಂದಿಗೆ ತುಂಬುತ್ತಿತ್ತು.

"ಅಮ್ಮಾ," ಎಂದರು ಮೆಲ್ಲಗೆ, "ಇದನ್ನ ಹೆಂಗಾದ್ರೂ ಮುಗ್ಸಿ."

"ಮುಗ್ಸೋಣ ಸಾ. ಆ ಬೋರ್ಡು ಸ್ವಲ್ಪ ತಿದ್ದಿದ್ರೆ," ಎಂದಳು ನೀಲಾಂಬಿಕೆ. "ಬೆಳಿಗ್ಗೆ ಆರರಿಂದ ಎಂಟು, ಹೆಂಗಸರಿಗೆ. ನಾನೇ ಬಂದು ಕಲಿಸ್ತೀನಿ."

"ಆರರಿಂದ ಎಂಟಾ? ಅದು ನಾವು ಆಡೋ ಹೊತ್ತು!"

"ಸರ್ವಿಸ್ ಯಾರ್ದೇ?" ಎಂದು ಆಶಾರಾಣಿ ಷಟಲ್ ಎತ್ತಿಕೊಂಡಳು.

ಧರ್ಮೇಂದ್ರ ಮೈಕ್ ತರಿಸಿದರು. ಮಹಿಳೆಯರ ಮೇಲೆ ತಮಗಿರುವ ಗೌರವದ ಬಗ್ಗೆ ಏದುಸಿರಿನಲ್ಲೇ ನಾಲ್ಕು ಮಾತಾಡಿ, ಹೊಸ ವೇಳೆಯನ್ನು ಘೋಷಿಸಿದರು. ಚಪ್ಪಾಳೆಗೆ ತಗಡು ನಡುಗಿತು.

ಇನ್ನು ಸೋಲಬೇಕು. ಸುಮ್ಮನೆ ನೆಟ್ಟಿಗೆ ಹೊಡೆದು ಕೊಟ್ಟರೆ ಬೀಗರ ಮುಂದೆ ಅದೆಂಥ ಗೆಲುವು? ಒಂದು ಸ್ಮ್ಯಾಶ್ ಹೊಡೆಸೋಣ ಎಂದು ನೀಲಾಂಬಿಕೆ ಷಟಲನ್ನು ಅವರ ತಲೆಯ ಮೇಲೇ ಎತ್ತಿ ಎತ್ತಿ ಕೊಟ್ಟಳು. ಆದರೆ ಧರ್ಮೇಂದ್ರರ ತೋಳು ಮೇಲೇಳುತ್ತಿರಲಿಲ್ಲ. ಅವರು ತಟ್ಟಿದ್ದು ಗೆರೆಯಾಚೆಗೇ ಹೋಗುತ್ತಿತ್ತು, ಬಿಟ್ಟರೆ ಇವರೇ ಗೆದ್ದುಬಿಡುತ್ತಾರೆ! ಇಬ್ಬರೂ ದಿಕ್ಕಾಪಾಲಾಗಿ ಓಡಿ, ಹೊರಗೆ ಬೀಳುವುದನ್ನೆಲ್ಲ ಎತ್ತಿ ಮತ್ತೆ ಅವರಿಗೇ ಕೊಡಬೇಕಾಯಿತು. ದೊಡ್ಡ ದೊಡ್ಡ ಟೂರ್ನಮೆಂಟಿನಲ್ಲೂ ನೀಲಾಂಬಿಕೆ ಇಷ್ಟು ಓಡಿರಲಿಲ್ಲ.

ಕೊನೆಗೆ ಧರ್ಮೇಂದ್ರ ಕಣ್ಣು ಮುಚ್ಚಿ ಒಂದು ಬೀಸು ಬೀಸಿದರು. ರಾಕೆಟ್ಟಿನ ಅಂಚಿಗೆ ತಾಗಿದ ಷಟಲ್ ನೆಟ್ಟಿನ ಪಟ್ಟಿಯ ಮೇಲೆ ಕೂತು, ಒಂದು ಕ್ಷಣ ಯೋಚಿಸಿ, ಈ ಕಡೆ ಉರುಳಿತು. ಆಗ ನೀಲಾಂಬಿಕೆಯ ಮೈಗೆ ಒಪ್ಪಂದ ಗಿಪ್ಪಂದ ಒಂದೂ ನೆನಪಿರಲಿಲ್ಲ. ನಲವತ್ತೇಳರ ಹೆಂಗಸು ಹಿಂದಿನಿಂದ ನುಗ್ಗಿ ಬಂದು, ಉದ್ದಕ್ಕೆ ಹಾರಿ, ಎದೆ ಕೊಟ್ಟು ಬಿದ್ದಳು. ರಾಕೆಟ್ಟಿಗೂ ಷಟಲ್ಲಿಗೂ ಒಂದು ಬೆರಳು ಉಳಿಯಿತು.

"ಏಳೇ, ಯೋಳ್ದಂಗೇ ಸೋತ್ವಲ್ಲ," ಎಂದು ಆಶಾರಾಣಿ ಕೈ ಕೊಟ್ಟಳು.

"ಹೇಳ್ದಂಗಲ್ಲ ಕಣೇ," ನೀಲಾಂಬಿಕೆ ನೆಲದಲ್ಲೇ ಹಲ್ಲು ಕಡಿದಳು. "ಎತ್ಲೇಬೇಕು ಅಂತ ಬಿದ್ದೆ. ಸಿಗ್ಲಿಲ್ಲ. ನಿಜವಾಗ್ಲೂ ಸೋತೋದೆ."

ಆಶಾರಾಣಿ ಕೋರ್ಟಿನ ನಡುವೆಯೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಹಾರ ಹಾಕಿಸಿಕೊಂಡ ಧರ್ಮೇಂದ್ರ ಬಂದು, ಸಣ್ಣ ದನಿಯಲ್ಲಿ ಕೇಳಿದರು: "ಕೊನೇದಾದ್ರೂ ನಂದೇ ಪಾಯಿಂಟಾ ಅಮ್ಮಾ?"

"ನಿಮ್ದೇ ಸಾ. ದೇವ್ರಾಣೆ."

"ಬಿಡೀಮ್ಮಾ, ನನ್ನ ಸಮಾಧಾನಕ್ಕೆ ಹೇಳ್ತೀರಿ," ಎಂದು ಅವರು ನಕ್ಕು ಹೊರಟೇಬಿಟ್ಟರು. ಆಣೆಯ ಮೇಲೆ ಆಣೆ ಇಟ್ಟರೂ ನಂಬಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ, ಮಂಡಿಗೆ ಪಟ್ಟಿ ಸುತ್ತಿಕೊಂಡು ನೀಲಾಂಬಿಕೆ ಮೊದಲ ಪಾಠಕ್ಕೆ ಬಂದರೆ, ಹತ್ತೊಂಬತ್ತು ಹೆಂಗಸರು ಸಾಲಾಗಿ ನಿಂತಿದ್ದರು. ಮುಂದಿದ್ದಾಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಹೆಸರು ಕಮಲಾಕ್ಷಮ್ಮ, ಅಧ್ಯಕ್ಷರ ಮನೆಯಾಕೆ ಎಂದು ಹೇಳಿಕೊಂಡಳು.

"ನಮ್ಮ ಯಜಮಾನ್ರನ್ನ ಸೋಲ್ಸೋಕೆ ಎಷ್ಟು ತಿಂಗ್ಳು ಕಲೀಬೇಕು ಮೇಡಂ?"

"ಮೂರು," ಎಂದಳು ನೀಲಾಂಬಿಕೆ. "ಮನಸ್ಸಿಟ್ಟು ಕಲಿತ್ರೆ ಎರಡೇ ಸಾಕು."