ಬಾಗಿಲ ಹಿಂದಿನ ಮುದುಕಿ

ಐವತ್ತರ ಹತ್ತಿರ ಬಂದ ಸೊಸೆ ಕಥೆ ಬರೆಯಲು ಕೂತಾಗ ಮೊದಲು ಕಿವಿ ನೆಟ್ಟಗಾದದ್ದು ಅತ್ತೆಗೆ. ಅತ್ತೆಯೇನು ಸಾಮಾನ್ಯರಲ್ಲ. ನಿವೃತ್ತಿಯಾಗುವವರೆಗೂ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವರು. ಲೈನಿನ ಎರಡೂ ತುದಿಯವರು ಸುಮ್ಮನಿದ್ದರೆ, ಆ ಮೌನದ ಮೇಲೇ ಜಗಳ ಎಷ್ಟು ಹಳೆಯದೆಂದು ಹೇಳಿಬಿಡುತ್ತಿದ್ದರು. ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ದಿನವಿಡೀ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಬಿಸಿ ಆವಿ; ಮನೆಗೆ ಬಂದರೂ ಮೈಯಲ್ಲಿ ಬ್ಲೀಚಿನ ವಾಸನೆ. ಇಂಥವಳು ಇದ್ದಕ್ಕಿದ್ದಂತೆ ಊಟದ ಮೇಜಿನ ಮೂಲೆ ಹಿಡಿದು ಬರೆಯತೊಡಗಿದಳು. ಅತ್ತೆ ನೀರು ಕುಡಿಯುವ ನೆಪದಲ್ಲಿ ಆ ಕಡೆ ಸುಳಿದರೆ ಹಾಳೆ ಮಗುಚಿಡುತ್ತಿದ್ದಳು.

"ಏನೋ ಅದು, ನಿನ್ನ ಹೆಂಡತಿ ಬರೀತಿರೋದು?" ಎಂದು ಅತ್ತೆ ಮಗನನ್ನು ಕೇಳಿದರು.

"ಕಥೆಯಂತಮ್ಮ."

"ಯಾರದು?"

"ಯಾರದೋ. ನಿಂದಂತೂ ಅಲ್ಲ ಬಿಡು. ನಿನ್ನ ಬಗ್ಗೆ ಬರೆಯೋಕೆ ಏನಿದೆ?"

ಆ ಮಾತು ಅತ್ತೆಗೆ ಇನ್ನಷ್ಟು ಚುಚ್ಚಿತು.

ಅಂದಿನಿಂದ ಅಡುಗೆಮನೆಯಲ್ಲಿ ಅವರು ಮಾತನ್ನು ಅಳೆದು ತೂಗಿ ಆಡತೊಡಗಿದರು. ತಂಗಿಗೆ ಫೋನು ಮಾಡಬೇಕಾದರೆ ಬಚ್ಚಲುಮನೆ ಸೇರಿ ನಲ್ಲಿ ಬಿಟ್ಟುಕೊಳ್ಳುವರು. ಲೋಟ ಹಿಡಿದ ಕೈ ನಡುಗುವುದು ಸೊಸೆಯ ಕಣ್ಣಿಗೆ ಬಿತ್ತೆಂದರೆ ಲೋಟ ಕೆಳಗಿಟ್ಟು ಕೈಯನ್ನು ಸ್ವೆಟರಿನ ಜೇಬಿಗೆ ತೂರಿಸುವರು. "ಮಂಡಿನೋವು ಹೇಗಿದೆ ಅತ್ತೆ?" ಎಂದರೂ ಸಾಕು, ಇವಳಿಗ್ಯಾಕೆ ಈಗ ನನ್ನ ಮಂಡಿ ಎಂದು ಹುಬ್ಬು ಗಂಟಿಕ್ಕುವರು.

ಕೊನೆಗೊಂದು ವಾರಪತ್ರಿಕೆಯಲ್ಲಿ ಕಥೆ ಅಚ್ಚಾಯಿತು. ಮನೆ ಖಾಲಿಯಾಗುವುದನ್ನೇ ಕಾದು ಅತ್ತೆ ಓದಿದರು. ಕಥೆಯಲ್ಲೊಬ್ಬ ಮುದುಕಿ. ಯಾರು ಪಿಸುಗುಟ್ಟಿದರೂ ತನ್ನದೇ ಸುದ್ದಿಯೆಂದು ಬಾಗಿಲ ಹಿಂದೆ ನಿಂತು ಕೇಳುತ್ತಾಳೆ. ಬರಬರುತ್ತಾ ಮನೆಯವರು ಅವಳಿರುವಾಗ ಮಾತಾಡುವುದನ್ನೇ ಬಿಡುತ್ತಾರೆ. ಅತ್ತೆಗೆ ಮೈಯೆಲ್ಲ ಉರಿದುಹೋಯಿತು.

ಸೊಸೆ ಕೆಲಸದಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

"ನನ್ನನ್ನ ಬೀದಿಗೆ ತಂದೆಯಲ್ಲ," ಎಂದರು ಅತ್ತೆ.

"ಅದು ನೀವಲ್ಲ ಅತ್ತೆ."

"ಮತ್ಯಾರು? ಈ ಮನೇಲಿ ಇನ್ನೊಬ್ಬ ಮುದುಕಿ ಇದ್ದಾಳಾ?"

ಸೊಸೆ ಅಲ್ಲೇ ಕುರ್ಚಿ ಎಳೆದು ಕೂತಳು. "ನಾನು. ಬಾಗಿಲ ಹಿಂದೆ ನಿಂತು ಕೇಳೋಳು ನಾನೇ. ಈ ಮನೆಗೆ ಬಂದಾಗಿಂದ ಕೇಳ್ತಾನೇ ಇದ್ದೀನಿ. ವಯಸ್ಸಾದ್ಮೇಲೆ ಏನಾಗಿಬಿಡ್ತೀನೋ ಅಂತ ಹೆದರಿ ಬರೆದೆ."

ಅತ್ತೆ ಸುಳ್ಳಿನ ಎಳೆಗಾಗಿ ಕಿವಿಗೊಟ್ಟು ಕೂತರು. ಸಿಗಲಿಲ್ಲ.

"ಏನೇನು ಕೇಳಿಸ್ಕೊಂಡೆ?"

"ಮದುವೆಯಾದ ಹೊಸತರಲ್ಲಿ ನಿಮ್ಮ ತಂಗಿಗೆ ಹೇಳ್ತಿದ್ರಿ. ಹುಡುಗಿ ಮುಖ ಊದಿಸ್ಕೊಂಡೇ ಇರುತ್ತೆ, ನಗೋದೇ ಗೊತ್ತಿಲ್ಲ ಅಂತ. ಮಾರನೇ ದಿನದಿಂದ ನಗೋಕೆ ಶುರು ಮಾಡಿದೆ."

ಹಾಗೆ ಹೇಳಿದ್ದು ಅತ್ತೆಗೆ ನೆನಪೇ ಇರಲಿಲ್ಲ. ಆದರೆ ಆ ನಗು ನೆನಪಿತ್ತು. ತಾವು ಹೇಳಿದ ಜೋಕಿಗೆ, ತಮ್ಮ ಕಚೇರಿಯ ಹಳೇ ಕಥೆಗಳಿಗೆ, ಕಣ್ಣಿನ ಆಪರೇಷನ್ ಆಗಿ ಕಟ್ಟು ಬಿಚ್ಚಿದಾಗ ಮೊದಲು ಕಂಡ ಮುಖದ ಮೇಲೆ.

"ಹಾಗಾದ್ರೆ ಇಷ್ಟು ವರ್ಷ ನಕ್ಕಿದ್ದೆಲ್ಲ?"

"ಕೆಲವು ನಿಜ."

"ಯಾವುದ್ಯಾವುದು?"

ಸೊಸೆ ಯೋಚಿಸಿದಳು. "ನಿಮ್ಮ ತಮ್ಮ ಹಲ್ಲಿನ ಸೆಟ್ಟು ಹಾಕ್ಕೊಂಡು ಭಾಷಣಕ್ಕೆ ನಿಂತಾಗ ಅದು ಕಳಚಿಬಿತ್ತಲ್ಲ, ಅದು ನಿಜ."

ಅತ್ತೆಗೂ ನಗು ಬಂತು. ತುಟಿ ಬಿಗಿಹಿಡಿದು ಎದ್ದುಹೋದರು.

ಎಷ್ಟೋ ದಿನ ಇಬ್ಬರ ನಡುವೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಆಮೇಲೊಂದು ರಜಾದಿನ ಬೆಳಿಗ್ಗೆ ಸೊಸೆ ತಾನಾಗಿಯೇ ಹೊಸ ಕಥೆಯ ಹಾಳೆಗಳನ್ನು ತಂದು ಒಂದೊಂದಾಗಿ ಅವರ ಕೈಗಿಡತೊಡಗಿದಳು. ಅತ್ತೆ ಆಚೀಚೆ ತಿರುಗಿಸಿ, ಹಿಂಬದಿಯನ್ನೂ ನೋಡಿ, ಓದಲು ಶುರುಮಾಡಿದರು. ಅರ್ಧದಲ್ಲಿ ನಿಲ್ಲಿಸಿದರು.

"ಇಲ್ಲಿ ಗಂಡ ತಾನೇ ತಪ್ಪು ಒಪ್ಕೊಳ್ತಾನೆ. ನನ್ನ ಮಗನ ಜೊತೆ ಇಷ್ಟು ವರ್ಷ ಬಾಳಿಯೂ ಹೀಗೆ ಬರೆದೆಯಾ?"

ಸೊಸೆ ಜೋರಾಗಿ ನಕ್ಕಳು. ಇದು ಯಾವ ಬಗೆಯದೆಂದು ಅತ್ತೆ ಅವಳ ಮುಖವನ್ನೇ ದಿಟ್ಟಿಸಿದರು. ಗೊತ್ತಾಗಲಿಲ್ಲ.

"ಸರಿ, ಮುಂದಿನ ಹಾಳೆ ಕೊಡು," ಎಂದರು.