ಗಣಿತದಲ್ಲಿ ನಲವತ್ತೊಂದು

ಫಲಿತಾಂಶ ಹನ್ನೊಂದು ಗಂಟೆಗೆ ಎಂದಿದ್ದರು. ಹತ್ತೂವರೆಗೇ ಬೇಕರಿಯ ಒಳಕೋಣೆಯಲ್ಲಿ ಅಕ್ಷರದಕ್ಕನ ಕೈ ಹಿಡಿತ ತಪ್ಪತೊಡಗಿತ್ತು. ಕ್ರೀಮು ತುಂಬಿದ ಕೋನು ಹಿಡಿದು ಬರೆಯುವಾಗ ಒಂದು ಕೊಂಬು ಉದ್ದವಾಯಿತು, ಒಂದು ಒತ್ತಕ್ಷರ ಕೇಕಿನ ಅಂಚು ದಾಟಿ ತಟ್ಟೆಗೆ ಇಳಿಯಿತು. ಚಾಕುವಿನ ತುದಿಯಿಂದ ಕೆರೆದು ಮತ್ತೆ ಬರೆದಳು.

ಕೇಕಿನ ಮೇಲೆ ಹೆಸರು, ಹಾರೈಕೆ ಬರೆಯುವುದು ಹದಿನಾಲ್ಕು ವರ್ಷಗಳಿಂದ ಅವಳ ಕೆಲಸ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಲೆ ನೋಡಿಕೊಳ್ಳುವ ಹಿರಿಯ ಕೆಲಸಗಾರ ಅದಕ್ಕೇ ಈ ಹೆಸರಿಟ್ಟಿದ್ದ. ಈಗ ಮಾಲೀಕರೂ ಹಾಗೇ ಕರೆಯುತ್ತಿದ್ದರು. ಹೈಸ್ಕೂಲು ಮುಗಿಸದವಳನ್ನು ಅಕ್ಷರದಕ್ಕ ಅನ್ನುವುದು ಬೋಳುತಲೆಯವನಿಗೆ ಬಾಚಣಿಗೆ ಬಹುಮಾನ ಕೊಟ್ಟ ಹಾಗೆ ಎಂದು ಅವಳೇ ನಗುತ್ತಿದ್ದಳು. ನಗುವಾಗಲೂ ಒಳಗೆಲ್ಲೋ ಮುಳ್ಳು ಆಡುತ್ತಿತ್ತು. ಕೊನೆಯ ಪರೀಕ್ಷೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಹಿರಿಮಗಳು ಅವಳೇ. ಪುಸ್ತಕ ಅಟ್ಟ ಸೇರಿತು, ಸೌಟು ಕೈಗೆ ಬಂತು. ಅದಾಗಿ ಇಪ್ಪತ್ತಾರು ವರ್ಷ.

ಈ ವರ್ಷ ಅವಳ ಮಗಳು ಅದೇ ಪರೀಕ್ಷೆಗೆ ಕೂರುವವಳಿದ್ದಳು. ಶಾಲೆಗೆ ಹೋಗದೆ ಪರೀಕ್ಷೆ ಕಟ್ಟುವವರ ಅರ್ಜಿಯನ್ನು ಎಲ್ಲಿಂದಲೋ ತಂದು, ತಾನೇ ತುಂಬಿ, ಅಮ್ಮನ ಕೈಗೆ ಪೆನ್ನು ತುರುಕಿ, ಸಹಿ ಮಾಡು, ಒಟ್ಟಿಗೆ ಬರೆಯೋಣ ಎಂದವಳೂ ಅವಳೇ. ನಾಲ್ಕು ತಿಂಗಳು ತಾಯಿ ಮಗಳು ಊಟದ ಮೇಜಿಗೆ ಎದುರುಬದುರು ಕೂತರು. ಚರಿತ್ರೆಯನ್ನು ತಾಯಿ ಅಣ್ಣತಮ್ಮಂದಿರ ಪಾಲಿನ ಜಗಳದ ಹಾಗೆ ಕತೆ ಮಾಡಿ ಹೇಳುವಳು. ಬೀಜಗಣಿತವನ್ನು ಮಗಳು ಎಳೆಮಗುವಿಗೆ ನಡಿಗೆ ಕಲಿಸಿದಂತೆ ಒಂದೊಂದೇ ಹೆಜ್ಜೆ ಹಾಕಿಸುವಳು.

ಹನ್ನೊಂದಾಯಿತು. ಕೈ ಒರೆಸಿಕೊಂಡು ಮೈದಾ ಚೀಲಗಳ ಹಿಂದೆ ನಿಂತು ಫೋನು ತೆರೆದಳು. ಮೊದಲು ಮಗಳ ನಂಬರು. ಉಳಿದ ಎಲ್ಲ ವಿಷಯ ಪಾಸು, ಗಣಿತ ಇಪ್ಪತ್ತೊಂಬತ್ತು. ಮೂವತ್ತೈದು ಬೇಕಿತ್ತು. ತನ್ನ ನಂಬರು ಹಾಕುವ ಮನಸ್ಸೇ ಇರಲಿಲ್ಲ, ಆದರೂ ಬೆರಳು ಹಾಕಿತು. ಎಲ್ಲದರಲ್ಲೂ ಪಾಸು. ಗಣಿತ ನಲವತ್ತೊಂದು. ತಪ್ಪಿರಬೇಕೆಂದು ಮೂರು ಸಲ ನೋಡಿದಳು. ಮೂರು ಸಲವೂ ನಲವತ್ತೊಂದೇ. ಇಷ್ಟು ವರ್ಷ ಕಾದ ಸುದ್ದಿ ಬಂದ ಗಳಿಗೆಯಲ್ಲೇ ಬಾಯಿ ಸುಡುವ ತುತ್ತಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮಗಳಿಗೆ ನಾಲ್ಕು ಸಲ ಫೋನು ಮಾಡಿದಳು. ಎತ್ತಲಿಲ್ಲ. ಐದನೇ ಸಲಕ್ಕೆ ಒತ್ತುವಷ್ಟರಲ್ಲಿ ಗಂಡನ ಕರೆ ಬಂತು. ಅವನು ಸಿಟಿ ಬಸ್ಸಿನ ಡ್ರೈವರು. ಕೊನೆಯ ನಿಲ್ದಾಣದಲ್ಲಿ ಸಿಗುವ ಹತ್ತು ನಿಮಿಷದಲ್ಲಿ ಮಾತಾಡುತ್ತಿದ್ದ. ಏನಾಯ್ತೆಂದು ಕೇಳಿದ.

"ಇಬ್ಬರದೂ ಗಣಿತ ಹೋಯ್ತು," ಎಂದುಬಿಟ್ಟಳು.

ಯೋಚಿಸಿ ಆಡಿದ ಮಾತಲ್ಲ. ಮಗಳೊಬ್ಬಳೇ ಬಿದ್ದಿದ್ದಾಳೆ ಎನ್ನಲು ನಾಲಿಗೆ ಏಳಲಿಲ್ಲ, ಅಷ್ಟೇ. ಅವನು, ಹೋಗಲಿ ಬಿಡು, ತಲೆ ಹೋಗುವಂಥದ್ದೇನಲ್ಲ ಎಂದ. ಅವನ ಪಾಲಿಗೆ ಹೈಸ್ಕೂಲು ಮುಗಿಸುವುದು ಮೊದಲಿಂದಲೂ ದೊಡ್ಡ ಸಂಗತಿಯಾಗಿರಲಿಲ್ಲ. ಹೋದ ವರ್ಷ ಎದುರುಮನೆಯವರು ಮಗ ಪಾಸಾದನೆಂದು ಬಾಗಿಲಿಗೆಲ್ಲ ದೀಪದ ಸರ ಬಿಟ್ಟಾಗ, ಮೊದಲ ಸ್ಟಾಪಿಗೇ ಚಪ್ಪಾಳೆ ತಟ್ಟಿದರೆ ಡ್ರೈವರು ಅಲ್ಲೇ ಇಳಿದು ಟೀ ಕುಡಿಯೋಕೆ ಹೋಗುತ್ತಾನೆ ಎಂದು ಹಂಗಿಸಿದ್ದ. ಕೆಲವರ ಬಸ್ಸು ಡಿಪೋ ಬಿಟ್ಟೇ ಇಲ್ಲವಲ್ಲ ಎಂದು ಅವಳು ಗೊಣಗಿದ್ದಳು. ಅವನಿಗೆ ಕೇಳಿಸಿತೋ ಇಲ್ಲವೋ.

ಮಧ್ಯಾಹ್ನದ ಹೊತ್ತಿಗೆ ಆರ್ಡರು ಚೀಟಿಗಳು ಗೋಡೆಯ ಮೊಳೆಗೆ ದಪ್ಪನೆ ಸಿಕ್ಕಿಕೊಂಡವು. ಎಲ್ಲದರಲ್ಲೂ ಒಂದೇ ಮಾತು: ಅಭಿನಂದನೆ. ಬರೆದು ಬರೆದು ಆ ಪದಕ್ಕೆ ಅರ್ಥವೇ ಉಳಿಯಲಿಲ್ಲ. ನಡುವೆ ಒಬ್ಬ ತಂದೆ ಒಳಗೇ ನುಗ್ಗಿ ಬಂದ. ತನ್ನ ಮಗನ ಕೇಕಿನಿಂದ ಆ ಪದ ತೆಗೆಯಬೇಕಂತೆ. ಬರೀ ಹೆಸರು ಸಾಕಂತೆ. ಎಂಬತ್ತೆರಡು ಪರ್ಸೆಂಟಿಗೆಲ್ಲ ಅಭಿನಂದಿಸಿದರೆ ಹುಡುಗ ಅಲ್ಲೇ ಕಾಲು ಚಾಚಿ ಕೂತುಬಿಡುತ್ತಾನಂತೆ. ಬೇರೆ ದಿನವಾಗಿದ್ದರೆ ಅವಳು ನಾಲ್ಕು ಮಾತು ಆಡುತ್ತಿದ್ದಳೇನೋ. ಇವತ್ತು ತುಟಿ ಹೊಲಿದುಕೊಂಡು ಕ್ರೀಮು ಕೆರೆದಳು. ಕೆರೆದ ಜಾಗ ಎಷ್ಟು ಸವರಿದರೂ ಸಮವಾಗಲಿಲ್ಲ. ಒಲೆಯ ಮುದುಕ ಬಂದು ಅವಳ ಫಲಿತಾಂಶ ಏನಾಯಿತೆಂದು ವಿಚಾರಿಸಿದ. ಅವನಿಗೂ ಅದೇ ಸುಳ್ಳು ಹೇಳಿದಳು. ಪಾಪ, ಒಂದು ಬಿಸಿ ಬನ್ನು ತಂದು ಅವಳ ಮುಂದಿಟ್ಟು ಹೋದ. ಅದನ್ನು ಮುಟ್ಟಲೂ ಆಗಲಿಲ್ಲ.

ನಾಲ್ಕಕ್ಕೆ ತಡೆಯಲಾರದೆ ಮಾಲೀಕರಲ್ಲಿ ಕೇಳಿಕೊಂಡು ಹೊರಟಳು. ದಾರಿಯುದ್ದಕ್ಕೂ ಹೆಜ್ಜೆ ಓಟವಾಗುತ್ತಿತ್ತು. ಬೇಡದ್ದೇ ತಲೆಗೆ ಬರುತ್ತಿತ್ತು. ಎರಡನೇ ಮಹಡಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಬಾಗಿಲು ತಳ್ಳಿದರೆ, ಮಗಳು ಅಡುಗೆಮನೆಯ ನೆಲದ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದಳು. ಶೆಲ್ಫಿನಲ್ಲಿದ್ದ ಪಾತ್ರೆಯೆಲ್ಲ ಕೆಳಗಿತ್ತು, ಬಳಸಿದ್ದು, ಬಳಸದ್ದು ಎಲ್ಲ.

ಅಕ್ಷರದಕ್ಕ ಪಕ್ಕದಲ್ಲಿ ಕುಕ್ಕರಿಸಿದಳು. ಏನು ಹೇಳಬೇಕೆಂದು ದಾರಿಯಲ್ಲಿ ಹೊಂದಿಸಿಕೊಂಡಿದ್ದೆಲ್ಲ ಮರೆತುಹೋಯಿತು.

"ನಂದೂ ಹೋಯ್ತು ಕಣೇ," ಎಂದಳು.

ಮಗಳ ಕೈ ನಿಂತಿತು. "ಎಷ್ಟು ಬಂತು?"

"ಇಪ್ಪತ್ತೆಂಟು."

"ನಲವತ್ತೊಂದು," ಎಂದಳು ಮಗಳು. "ನಿನ್ನ ಅರ್ಜಿ ತುಂಬಿದ್ದು ನಾನು. ನಂಬರು ನನಗೆ ಬಾಯಿಪಾಠ. ನನ್ನದಕ್ಕಿಂತ ಮೊದಲು ನಿನ್ನದೇ ನೋಡಿದೆ."

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೀನು ಒಬ್ಬಳೇ ಆಗಬಾರದು ಅಂತ ಹಾಗಂದೆ ಎಂದು ಅಕ್ಷರದಕ್ಕ ತಡವರಿಸಿದಳು. ಅದು ಇನ್ನೂ ಕೆಟ್ಟದಾಯಿತು. ಮಗಳ ಮುಖ ಕೆಂಪೇರಿತು.

"ನಾಲ್ಕು ತಿಂಗಳು ನಿನಗೆ ಹೇಳಿಕೊಟ್ಟಿದ್ದು ನಾನು. ಈ ವರ್ಷ ನಾನು ನೆಟ್ಟಗೆ ಮಾಡಿದ್ದು ಅದೊಂದೇ. ಅದನ್ನೂ ಫೇಲ್ ಮಾಡಿಬಿಟ್ಟೆಯಲ್ಲಮ್ಮ."

ಅಕ್ಷರದಕ್ಕನಿಗೆ ತಾನು ಕರುಣೆ ಎಂದುಕೊಂಡು ಮಾಡಿದ್ದು ಕಳ್ಳತನದ ಹಾಗೆ ಕಂಡಿತು. ಎದ್ದಳು, ಕೂತಳು, ಒಂದು ಪಾತ್ರೆ ಎತ್ತಿ ತೊಳೆದು ಮತ್ತೆ ಅಲ್ಲೇ ಇಟ್ಟಳು. ಕೊನೆಗೆ ಹೊರಬಾಗಿಲ ಹತ್ತಿರ ಹೋಗಿ ನಿಂತು ಗಂಡನಿಗೆ ಫೋನು ಮಾಡಿ, ತಾನು ಪಾಸು, ಬೆಳಿಗ್ಗೆ ಹೇಳಿದ್ದು ಸುಳ್ಳು ಎಂದಳು. ಆಮೇಲೆ ಬೇಕರಿಗೂ ಮಾಡಿ ಮುದುಕನಿಗೆ ಹೇಳಿದಳು. ಅವನು ಬನ್ನನ್ನು ವಾಪಸು ಕೇಳುತ್ತೇನೆ ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ.

ಆರಕ್ಕೆ ಗಂಡ ಬಂದ. ಕೋಪ ಇತ್ತು. ಹೆಂಡತಿ ಫೇಲು ಎಂದು ಡಿಪೋದಲ್ಲೆಲ್ಲ ಸಾರಿ, ಹತ್ತು ಜನರ ಸಮಾಧಾನ, ಎರಡು ಲೋಟ ಟೀ ಹೊಟ್ಟೆಗೆ ಹಾಕಿಕೊಂಡು ಬಂದಿದ್ದವನು ಈಗ ನಾಳೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಕೂಗಾಡಿದ. ಕೂಗಾಡುತ್ತಲೇ ಸೋತು ಕುರ್ಚಿಯಲ್ಲಿ ಕೂತ. ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಹೊರಗೆ ಊಟಕ್ಕೆ ಹೋಗೋಣ ಎಂದು ಮಗಳೇ ಬಾಯಿಬಿಟ್ಟಳು. ಅಕ್ಷರದಕ್ಕ ಬೇಡವೇ ಬೇಡ ಎಂದಳು. ಮನೆಯಲ್ಲಿ ಒಬ್ಬಳ ಕಣ್ಣು ಊದಿರುವಾಗ ಎಂಥ ಸಂಭ್ರಮ ಎಂದು ಅವನೂ ಗೊಣಗಿದ.

"ನನ್ನ ಹೆಸರು ಹೇಳಿ ಯಾರೂ ಉಪವಾಸ ಇರಬೇಡಿ," ಎಂದು ಮಗಳು ಬಾಗಿಲಾಚೆ ಹೋಗಿ ನಿಂತಳು.

ಮೂವರೂ ಬೀದಿಯ ಕೊನೆಯ ಸಣ್ಣ ಹೋಟೆಲಿಗೆ ಹೋದರು. ಸಂಭ್ರಮ ಹೇಗೆ ಪಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಷರದಕ್ಕ ಉಪ್ಪಿನ ಡಬ್ಬಿಯನ್ನು ಆ ಕಡೆ ಈ ಕಡೆ ಸರಿಸುತ್ತಿದ್ದಳು. ಕೊನೆಗೆ ಗಂಡ, ಬಡಿಸುವವನಿಗೆ, ಇವತ್ತು ನಮ್ಮ ಮನೇಲಿ ಹೈಸ್ಕೂಲು ಪಾಸು ಕಣಪ್ಪ ಎಂದ. ಬಡಿಸುವವನು ಸಹಜವಾಗಿ ಹುಡುಗಿಯ ಕಡೆ ತಿರುಗಿ ಮುಖ ಅರಳಿಸಿದ.

"ಒಳ್ಳೇದಾಗ್ಲಿ ಕಣಮ್ಮ. ಮುಂದೇನು ಓದ್ತೀಯ?"

ಗಂಡ ನೀರಿನ ಲೋಟದೊಳಗೆ ಕಣ್ಣು ನೆಟ್ಟ.

"ಪಾಸಾಗಿದ್ದು ನಮ್ಮಮ್ಮ," ಎಂದಳು ಮಗಳು. ಸ್ವಲ್ಪ ತಡೆದು, "ಹೇಳಿಕೊಟ್ಟಿದ್ದು ನಾನು," ಎಂದಳು.

ಬಡಿಸುವವನು ಒಂದು ಕ್ಷಣ ಮಿಕಮಿಕ ನೋಡಿ, ಅಡುಗೆಯವನನ್ನೂ ಒಳಗಿನಿಂದ ಕರೆದು ತೋರಿಸಿದ. ಇಬ್ಬರೂ ಅಕ್ಷರದಕ್ಕನಿಗೆ ಕೈ ಮುಗಿದರು. ಅವಳಿಗೆ ಮೈಯೆಲ್ಲ ಹಿಡಿಯಾಯಿತು. ಆದರೂ, ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ಆ ಮುಳ್ಳು ಎಲ್ಲಿತ್ತೆಂದು ಹುಡುಕಿದರೂ ಸಿಗಲಿಲ್ಲ.

ಊಟದ ಅರ್ಧದಲ್ಲೇ ಮಗಳು ಕೈ ತೊಳೆಯಲು ಎದ್ದವಳು ಬೇಗ ಬರಲಿಲ್ಲ. ಅಕ್ಷರದಕ್ಕ ಹಿಂದೆ ಹೋದಳು. ನಲ್ಲಿ ಪೂರ್ತಿ ಬಿಟ್ಟುಕೊಂಡು ಹುಡುಗಿ ಅಳುತ್ತಿದ್ದಳು. ಈ ಸಲ ಅವಳು ಏನೂ ಹೇಳಲಿಲ್ಲ, ಮಗಳ ಜಡೆ ನೀರಿಗೆ ಬೀಳದಂತೆ ಹಿಡಿದು ನಿಂತಳು. ಅಳು ನಿಂತ ಮೇಲೆ ಇಬ್ಬರೂ ಬಂದು ಉಳಿದದ್ದನ್ನು ಉಂಡರು.

ಎರಡು ತಿಂಗಳಿಗೆ ಮರುಪರೀಕ್ಷೆ. ಮತ್ತೆ ಅದೇ ಮೇಜು. ಈಗ ಅಮ್ಮ ಬರೀ ಕೂತಿರುತ್ತಿದ್ದಳು. ಮಗಳು ಜೋರಾಗಿ ಹೇಳಿಕೊಡುವವಳ ಹಾಗೆ ಲೆಕ್ಕ ಬಿಡಿಸುತ್ತಿದ್ದಳು, ಹಾಗೆ ಮಾಡಿದರೆ ಮಾತ್ರ ತನಗೇ ತಿಳಿಯುತ್ತದೆ ಎನ್ನುತ್ತಿದ್ದಳು. ಮೂವತ್ತೆಂಟು ಬಂತು. ಆ ದಿನ ಹೋಟೆಲಿಗೆ ಹೋಗೋಣವೆಂದು ಗಂಡ ಅರ್ಧ ದಿನ ರಜೆ ಹಾಕಿ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಆದರೆ ಮಗಳು, ಜೊತೆಯವರೆಲ್ಲ ಆಗಲೇ ಕಾಲೇಜಿಗೆ ಹೋಗುತ್ತಿದ್ದಾರೆ, ಇದಕ್ಕೆಲ್ಲ ಎಂಥ ಹಬ್ಬ ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅವನು ಅಂಗಿ ಬಿಚ್ಚಲೂ ಇಲ್ಲ, ಹೊರಡು ಎನ್ನಲೂ ಇಲ್ಲ. ಅಕ್ಷರದಕ್ಕ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು, ಆರಿಸಿದಳು. ಕರೆಯಬೇಕೋ ಬಿಡಬೇಕೋ ಅವಳಿಗೆ ತಿಳಿಯಲಿಲ್ಲ.

ಏಳಕ್ಕೆ ಬಾಗಿಲು ತೆರೆಯಿತು. ಮಗಳು ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡಳು.

"ಹಸಿವಾಗ್ತಿದೆ," ಎಂದಳು. "ಬನ್ನಿ."