ಕತ್ತರಿಸಿದ ಮೂಲೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು. ಪಿಸುಮಾತಿಗಿಂತ ಜೋರಾಗಿ ಅವಳು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಏನು ಹೇಳಿದರೂ ತಲೆಯಾಡಿಸಿ ಒಪ್ಪಿಕೊಂಡುಬಿಡುವುದು ಅವಳ ಚಾಳಿ. ಆ ಚಾಳಿಯೇ ಅವಳನ್ನು ಇಕ್ಕಟ್ಟಿಗೆ ಸಿಕ್ಕಿಸಿತು.

ಪ್ರಯೋಗಾಲಯದಲ್ಲಿ ಎದುರುಬದುರಾಗಿ ಎರಡು ಕೋಣೆಗಳು. ಒಂದರಲ್ಲಿ ಕ್ಯಾನ್ಸರ್ ಕೋಶಗಳು. ಸಾಯಿ ಎಂದರೂ ಸಾಯದೆ, ಹಾಕಿದ್ದನ್ನೆಲ್ಲ ತಿಂದು, ತಟ್ಟೆಯ ಅಂಚಿನವರೆಗೂ ಬೆಳೆದು ಕೂರುವಂಥವು. ಇನ್ನೊಂದರಲ್ಲಿ ಮಿದುಳಿನ ನರಕೋಶಗಳು. ಉಪಚಾರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮುನಿಸಿಕೊಂಡು ಪ್ರಾಣ ಬಿಡುವಂಥವು. ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹೊಸಬರು ಬಂದಾಗಲೆಲ್ಲ ಅವರದು ಒಂದೇ ಪಾಠ.

"ಹಾಳಾದ ಕೋಶಕ್ಕೆ, ಸಾಕು ಇನ್ನು ಹೊರಡು ಅಂತ ಹೇಳೋ ಪ್ರೋಟೀನ್ ಒಂದಿದೆ. ಈ ಕೋಣೇಲಿ ಅದರ ಮಾತಿಗೆ ಯಾರೂ ಕಿವಿಗೊಡಲ್ಲ. ಆ ಕೋಣೇಲಿ ಅದು ಬಾಯಿ ಬಿಡೋದಕ್ಕೆ ಮುಂಚೆನೇ ಎಲ್ಲರೂ ಗಂಟುಮೂಟೆ ಕಟ್ಟಿರ್ತಾರೆ. ಯಾಕೆ ಅಂತ ಪೂರ್ತಿ ಗೊತ್ತಾದ ದಿನ ನಾನು ನಿವೃತ್ತಿ ತಗೋತೀನಿ."

"ಹಾಗಾದ್ರೆ ನಿಮಗೆ ನಿವೃತ್ತಿ ಇಲ್ಲ ಬಿಡಿ ಸಾರ್," ಎಂದು ಕ್ಯಾನ್ಸರ್ ಕೋಣೆಯ ಬಾಗಿಲಲ್ಲಿ ನಿಂತು ಎಡಚಿ ಅಕ್ಕ ಹೇಳುವುದೂ ಪಾಠದ ಭಾಗವೇ ಆಗಿಹೋಗಿತ್ತು. ಅವಳು ಪ್ರಯೋಗಾಲಯದ ಹಿರಿಯ ವಿದ್ಯಾರ್ಥಿನಿ. ಎಡಗೈಯವಳು, ಬಾಯಿ ಜೋರಿನವಳು.

ಪಿಸು ಕೆಲಸ ಮಾಡುತ್ತಿದ್ದುದು ನರಕೋಶಗಳ ಕೋಣೆಯಲ್ಲಿ, ಒಂದೇ ಒಂದು ಕಾಯಿಲೆಯ ಮೇಲೆ. ನಮ್ಮೆಲ್ಲರ ಒಂದು ಜೀನ್‌ನಲ್ಲಿ ಮೂರಕ್ಷರದ ತುಣುಕೊಂದು ತೊದಲಿದಂತೆ ಮತ್ತೆ ಮತ್ತೆ ಬರುತ್ತದೆ. ಆ ತೊದಲು ಮಿತಿ ಮೀರಿದರೆ ಅದರಿಂದಾಗುವ ಪ್ರೋಟೀನ್‌ಗೆ ಉದ್ದನೆಯ ಬಾಲ ಬೆಳೆಯುತ್ತದೆ. ಬಾಲಕ್ಕೆ ಬಾಲ ತೊಡರಿಕೊಂಡು ನರಕೋಶದೊಳಗೆ ಗಂಟು ಬೀಳುತ್ತದೆ. ನಡುವಯಸ್ಸಿಗೆ ಬರುವಷ್ಟರಲ್ಲಿ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಆಮೇಲೆ ನೆನಪೂ ಕೈಕೊಡುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರುವುದು, ಬಾರದಿರುವುದು ಅರ್ಧಕ್ಕರ್ಧ.

ಪಿಸುವಿನ ಅಪ್ಪನಿಗೆ ಅದಿತ್ತು. ಪ್ರಯೋಗಾಲಯದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಸೇರುವಾಗ ಈ ವಿಷಯವೇ ಯಾಕೆ ಎಂದು ಮೇಷ್ಟ್ರು ಕೇಳಿದ್ದಕ್ಕೆ "ಆಸಕ್ತಿ ಇದೆ ಸಾರ್" ಎಂದಷ್ಟೇ ಹೇಳಿದ್ದಳು. ತಾನು ಪರೀಕ್ಷೆ ಮಾಡಿಸಿಕೊಳ್ಳಬಾರದು ಎಂದು ಅವಳು ಎಂದೋ ತೀರ್ಮಾನಿಸಿಯಾಗಿತ್ತು. ಮನೆಯಲ್ಲೂ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಮಾತ್ರ, ಅಂದರೆ ಅಪ್ಪನ ಅಕ್ಕ, ಬಂದಾಗಲೆಲ್ಲ ಅವಳ ಗಲ್ಲ ಹಿಡಿದು "ಥೇಟ್ ನಮ್ಮ ತಮ್ಮನೇ. ಆ ಮೂಗು, ಆ ನಡಿಗೆ, ಆ ನಾಚಿಕೆ. ಒಂದನ್ನೂ ಬಿಟ್ಟಿಲ್ಲ ನೋಡು," ಎನ್ನುವಳು. ಪ್ರೀತಿಯಿಂದಲೇ ಹೇಳಿದ ಮಾತು. ಅದನ್ನು ಕೇಳಿದಾಗಲೆಲ್ಲ ಅಮ್ಮ ಏನೋ ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಯಿಂದ ಅದೇ ಕಾಯಿಲೆಯ ಒಬ್ಬ ರೋಗಿಯ ರಕ್ತ ಬಂತು. ಹೋಲಿಸಿ ನೋಡಲು ಆರೋಗ್ಯವಂತರದೊಂದು ಬೇಕಲ್ಲ. ಇಂಥ ಹೊತ್ತಿನಲ್ಲಿ ತಮ್ಮಲ್ಲೇ ಯಾರಾದರೊಬ್ಬರು ತೋಳು ಚಾಚುವುದು ಅಲ್ಲಿನ ರೂಢಿ.

"ಪಿಸು, ಈ ಸಲ ನಿನ್ನದು ತಗೊಳ್ಳೋಣ್ವಾ? ಇದ್ದೋರಲ್ಲಿ ನೀನೇ ಗಟ್ಟಿಮುಟ್ಟು," ಎಂದರು ಮೇಷ್ಟ್ರು.

ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಅಪ್ಪನ ವಿಷಯ ಹೇಳಬೇಕು. ಹೇಳಿದರೆ ಎಲ್ಲರೂ ತನ್ನ ಕೈಬೆರಳುಗಳನ್ನೇ ನೋಡತೊಡಗುತ್ತಾರೆ. ಇಷ್ಟೆಲ್ಲ ಲೆಕ್ಕ ಹಾಕುವಷ್ಟರಲ್ಲಿ ಅವಳ ತಲೆ ತನ್ನಷ್ಟಕ್ಕೆ ತಾನೇ ಆಡಿಬಿಟ್ಟಿತ್ತು.

ಇಬ್ಬರ ರಕ್ತದಿಂದ ತೆಗೆದ ಡಿಎನ್ಎಯನ್ನು ಜೆಲ್‌ನಲ್ಲಿ ಓಡಿಸುವ ದಿನ ಬೆಳಿಗ್ಗೆ ಅವಳ ಕೈಯಿಂದ ಒಂದು ಟ್ಯೂಬ್ ಜಾರಿ ಬಿತ್ತು. ಹನಿ ಅಳೆದು ಹಾಕುವ ಪಿಪೆಟ್ ಹಿಡಿದರೆ ತುದಿ ನಡುಗುತ್ತಿತ್ತು. ಭಯಕ್ಕೆ ನಡುಗಿತೋ, ಕಾಯಿಲೆ ಶುರುವೇ ಆಗಿಬಿಟ್ಟಿತೋ ತಿಳಿಯದೆ ಅವಳು ಎದುರು ಕೋಣೆಗೆ ಹೋಗಿ ನಿಂತಳು.

"ಅಕ್ಕ, ಇವತ್ತು ನನ್ನ ಕೈ ಸರಿಯಿಲ್ಲ. ಜೆಲ್‌ಗೆ ನೀವು ಹಾಕಿಕೊಡ್ತೀರಾ?"

"ರಾತ್ರಿಯೆಲ್ಲ ಏನು ಕಲ್ಲು ಹೊತ್ತೆಯಾ? ನಡಿ."

ಜೆಲ್ ಎಂದರೆ ಹೆಪ್ಪುಗಟ್ಟಿದ ಗಂಜಿಯಂಥ ತೆಳ್ಳನೆಯ ಹಾಳೆ. ಮೇಲಂಚಿನ ಸಣ್ಣ ಗುಂಡಿಗಳಲ್ಲಿ ಡಿಎನ್ಎ ಹಾಕಿ ವಿದ್ಯುತ್ ಹರಿಸಿದರೆ ಗಿಡ್ಡ ತುಣುಕುಗಳು ಮುಂದೆ ಓಡುತ್ತವೆ, ಉದ್ದನೆಯವು ಹಿಂದೆ ಉಳಿಯುತ್ತವೆ. ಎರಡೂ ತುದಿಯಲ್ಲಿ ಅಳತೆಗೆಂದು ಒಂದೇ ಬಗೆಯ ಗೆರೆಗಳು. ಅವುಗಳ ನಡುವೆ ಎಡಕ್ಕೆ ರೋಗಿಯದು, ಮಧ್ಯೆ ಬರೀ ನೀರು, ಬಲಕ್ಕೆ ಪಿಸುವಿನದು. ಜೆಲ್ಲನ್ನು ಯಾವ ಮಗ್ಗುಲಲ್ಲಿ ನೋಡಿದರೂ ಒಂದೇ ಥರ ಕಾಣುವುದರಿಂದ, ಕೊನೆಯ ಗುಂಡಿ ತುಂಬಿದ ಮೇಲೆ ಬಲಗಡೆಯ ಮೂಲೆಯನ್ನು ಬ್ಲೇಡಿನಿಂದ ಚೂರು ಕತ್ತರಿಸಬೇಕು. ಅಕ್ಕ ಗುಂಡಿ ತುಂಬಿ, ಮೂಲೆ ಕತ್ತರಿಸಿ, ತನ್ನ ಕೋಶಗಳಿಗೆ ಊಟ ಹಾಕಲು ಓಡಿದಳು.

ವಿದ್ಯುತ್ ನಿಲ್ಲಿಸಿ ಪಿಸು ಜೆಲ್ಲನ್ನು ಎತ್ತಿದಾಗ ಕತ್ತರಿಸಿದ ಮೂಲೆ ಎಡಗಡೆಗಿತ್ತು. ಎತ್ತುವಾಗ ಮಗುಚಿಕೊಂಡಿರಬೇಕು ಎಂದುಕೊಂಡು ಅದನ್ನು ಮಗುಚಿ, ಮೂಲೆಯನ್ನು ಬಲಕ್ಕೆ ತಂದು, ಫೋಟೋ ತೆಗೆಯುವ ಪೆಟ್ಟಿಗೆಯಲ್ಲಿಟ್ಟಳು. ಪರದೆಯ ಮೇಲೆ ಚಿತ್ರ ಮೂಡಿತು. ಅವಳ ಕಣ್ಣು ಬೇರೆಲ್ಲೂ ನಿಲ್ಲದೆ ಬಲಗಡೆಗೇ ಹೋಯಿತು. ಅಲ್ಲಿ ತಾಯಿಯ ಕಡೆಯದೊಂದು, ತಂದೆಯ ಕಡೆಯದೊಂದು, ಎರಡು ಗೆರೆಗಳಿದ್ದವು. ಒಂದು ಮುಂದೆ ಓಡಿತ್ತು. ಇನ್ನೊಂದು ಎಷ್ಟೋ ಹಿಂದೆ, ಬಾಲ ಹೊತ್ತವರಂತೆ ಉಳಿದುಬಿಟ್ಟಿತ್ತು.

ಒಂದನ್ನೂ ಬಿಟ್ಟಿಲ್ಲ ನೋಡು.

ಅವಳಿಗೆ ಮೊದಲು ನೆನಪಾದದ್ದು ಕಾಯಿಲೆಯಲ್ಲ, ಅಮ್ಮ. ಅಪ್ಪನ ಅಂಗಿಯ ಗುಂಡಿ ಹಾಕುವ ಅಮ್ಮನ ಕೈ. ಆ ಕೈಗೆ ಇನ್ನೊಂದು ಅಂಗಿ.

"ಚಿತ್ರ ಬಂತೇನೇ?" ಅಕ್ಕ ಗ್ಲೌಸು ಕಳಚುತ್ತ ಒಳಗೆ ಬಂದಳು. "ಇದೇನಿದು, ಮುಖ ಸುಣ್ಣ ಬಳಿದ ಗೋಡೆ ಆಗಿದೆ?"

ಪಿಸು ಪರದೆಯತ್ತ ಕೈ ತೋರಿಸಿದಳು. ಅಷ್ಟು ದಿನ ಬಿಗಿಹಿಡಿದದ್ದೆಲ್ಲ ಅಲ್ಲೇ ಕಟ್ಟೆಯೊಡೆಯಿತು. ಅಪ್ಪನಿಗೆ ಈ ಕಾಯಿಲೆ ಇರುವುದು, ತಾನು ಬೇಡ ಎನ್ನಲಾಗದೆ ರಕ್ತ ಕೊಟ್ಟದ್ದು, ಬೆಳಿಗ್ಗೆ ಕೈ ನಡುಗಿದ್ದು. ಅಕ್ಕ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ ಪರದೆಗೆ ಬಗ್ಗಿದವಳು ಹುಬ್ಬು ಗಂಟಿಕ್ಕಿದಳು.

"ಅಲ್ವೇ, ಆಸ್ಪತ್ರೆಯ ರೋಗಿಗೆ ಯಾವಾಗ ಗುಣವಾಯ್ತು?"

"ಅಂದ್ರೆ?"

"ಎಡಗಡೆ ನೋಡು. ಎರಡೂ ಗೆರೆ ಗಿಡ್ಡ, ತಣ್ಣಗೆ ಅಕ್ಕಪಕ್ಕ ಕೂತಿವೆ. ಎದ್ದು ನಿಲ್ಲೋಕೂ ಆಗದ ಮನುಷ್ಯನ ರಕ್ತ ಅದು. ಆಸ್ಪತ್ರೆಯವರು ಪರೀಕ್ಷೆ ಮಾಡಿಯೇ ಕಳಿಸಿದ್ದು. ಅದು ಹೇಗೆ ತಿಳಿಯಾಗಿರುತ್ತೆ?"

ಪಿಸು ಆ ಕಡೆ ನೋಡಿಯೇ ಇರಲಿಲ್ಲ. ಈಗ ನೋಡಿದಳು. ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ ಹೊರಟ ದನಿ ಕಾರಿಡಾರಿನಲ್ಲಿದ್ದವರಿಗೂ ಕೇಳಿಸಿತು.

"ಅಕ್ಕ, ಮೂಲೆ ಯಾವ ಕಡೆ ಕತ್ತರಿಸಿದ್ರಿ?"

ಅಕ್ಕ ಎಡಗೈಯಲ್ಲಿ ಇಲ್ಲದ ಬ್ಲೇಡನ್ನು ಹಿಡಿದು ಗಾಳಿಯಲ್ಲಿ ಒಮ್ಮೆ ಕತ್ತರಿಸಿ ನೋಡಿದಳು. ಕೈ ಸಲೀಸಾಗಿ ಎಡಮೂಲೆಗೇ ಹೋಗಿ ನಿಂತಿತು.

"ಹಾಳಾದ ಕೈ," ಎಂದಳು ಮೆಲ್ಲಗೆ. "ನಂದೇ ಜೆಲ್ ಆದ್ರೆ ಎಡಕ್ಕೆ ಕತ್ತರಿಸ್ತೀನಿ, ನಂಗೊಬ್ಬಳಿಗೆ ಗೊತ್ತಿದ್ರೆ ಸಾಕಲ್ಲ. ನಿಂದು ಅನ್ನೋದೇ ಮರೆತೆ. ನೀನು ನೋಡಿದ್ರೆ ಅದನ್ನ ಮಗುಚಿ ಇಟ್ಟಿದೀಯ. ಬಲಗಡೆ ಕಾಣ್ತಿರೋದು ರೋಗಿಯದು ಕಣೇ. ಎಡಗಡೆದು ನಿಂದು."

ಪಿಸು ಬಾಯಿ ಮುಚ್ಚಿಕೊಂಡಳು. ಅಳುವೋ ನಗುವೋ ಎಂದು ಅವಳಿಗೇ ಗೊತ್ತಾಗಲಿಲ್ಲ.

ಇಬ್ಬರೂ ಇನ್ನೊಂದು ಜೆಲ್ ಓಡಿಸಿದರು. ಈ ಸಲ ಗುಂಡಿ ತುಂಬಿದ್ದೂ ಬಲಮೂಲೆ ಕತ್ತರಿಸಿದ್ದೂ ಪಿಸುವೇ. ಅವಳ ಕೈ ನಡುಗಲಿಲ್ಲ. ಎಡಗಡೆ ರೋಗಿಯ ಉದ್ದನೆಯ ಗೆರೆ ಹಿಂದೆ ಉಳಿಯಿತು. ಬಲಗಡೆ ಅವಳವು ಎರಡೂ ಮುಂದೆ ಓಡಿದವು.

"ಡಾಕ್ಟರ ಹತ್ರ ಹೋಗಿ ಕ್ರಮವಾಗಿ ಇನ್ನೊಂದ್ಸಲ ಮಾಡಿಸ್ಕೋ," ಎಂದಳು ಅಕ್ಕ. "ಆದ್ರೆ ನನ್ನ ಕಣ್ಣಿಗೆ ಇದು ನೀರಿನಷ್ಟು ತಿಳಿ. ಮತ್ತೆ, ಬೇಡ ಅನ್ನೋಕೆ ಕಾರಣ ಕೊಡಬೇಕು ಅಂತ ಯಾರು ಹೇಳಿದ್ರು ನಿಂಗೆ? ಬೇಡ ಅಂದ್ರೆ ಬೇಡ. ಒಂದ್ಸಲ ಅನ್ನು ನೋಡೋಣ."

"ಬೇಡ."

"ಕೇಳಿಸಲಿಲ್ಲ."

"ಬೇಡ," ಎಂದಳು ಪಿಸು ಗಟ್ಟಿಯಾಗಿ.

ಅವಳು ಮನೆ ಮುಟ್ಟಿದಾಗ ಕಿಟಕಿಯ ಬಳಿ ಬಿಸಿಲಿನ್ನೂ ಇತ್ತು. ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ಕೈಗಳು ಎಂದಿನಂತೆ ತಮ್ಮ ಪಾಡಿಗೆ ತಾವು ಮಡಿಲಲ್ಲಿ ಕುಣಿಯುತ್ತಿದ್ದವು. ಪಕ್ಕದಲ್ಲಿ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಅಪ್ಪ, ನಿಮ್ಮದು ನಂಗೆ ಬಂದಿಲ್ಲ," ಎಂದಳು ಬಾಗಿಲಲ್ಲೇ ನಿಂತು. "ಇವತ್ತು ನೋಡಿದ್ವಿ. ಎರಡು ಸಲ."

ಅಮ್ಮನ ಕೈಯಲ್ಲಿದ್ದ ಟವೆಲ್ ಅರ್ಧಕ್ಕೇ ನಿಂತಿತು. ಯಾವುದು ಎಂದು ಯಾರೂ ಕೇಳಲಿಲ್ಲ. ಅಪ್ಪ ಬಹಳ ಹೊತ್ತು ಮಗಳನ್ನೇ ನೋಡಿದರು. ಈಚೆಗೆ ಮಾತು ಅವರ ನಾಲಿಗೆಗೆ ಬರುವುದೇ ತಡವಾಗುತ್ತಿತ್ತು.

"ಮೂಗು?" ಎಂದರು ಕೊನೆಗೆ.

"ಅದು ಬಂದಿದೆ."

"ಅದಕ್ಕೆ ಔಷಧಿ ಇಲ್ಲ ಪುಟ್ಟಿ. ಅನುಭವಿಸು."

ಅಮ್ಮ ಅಡುಗೆಮನೆಗೆ ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು. ಮುಖ ತೊಳೆದು ಹೊರಗೆ ಬಂದವಳು ಮಗಳ ಕಾಲಿನತ್ತ ನೋಡಿ, ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದೀಯಲ್ಲ ಎಂದು ಬೈಯತೊಡಗಿದಳು. ಬೈದು ಬೈದು, ನಡುವೆಯೇ ಅವಳ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು.